ಗಾಡಿ ತಿರುವಿ ನಿಲ್ಲಸ್ರಿ

ಏನ್ರಿ,

ತವರಮನಿಗೆ, ಐಗಳಿ ಊರಿಗೆ ಹೊಂಟೇನಿ, ಅವ್ವಗ ಮತ್ತ ಜ್ವರ ಬಂದಾವಂತ. ಸಂಜೀಕ ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಎಮ್ಮಿಗೆ ನೀರ ಕುಡಸ್ರಿ.

ಅದಕ್ಕೂ ಮೊದಲ, ಕಾಲ ತೊಳಕೊಳ್ಳಲಿಕ್ಕೂ ನಿಲ್ಲಬ್ಯಾಡ್ರಿ, ಗಾಡಿ ತಿರುವಿ ನಿಲ್ಲಸ್ರಿ. ಕೈ ಮುಗೀತೇನಿ.

ದವಾಖಾನಿಗೆ ಮಲಗಿಸಿಕೊಂಡ ಹೋಗುವಾಗರೆ ಮಾವ ಮುಗಿಲ ನೋಡ್ಲಿ ಅಂತ ಆ ಹಳೇ ವ್ಯಾನಿನ ಮ್ಯಾಲಿನ ತಗಡ ತಲಿ ಬರೂ ಕಡೆ ಕೊರಸಿ ಗಾಜಿನ ಸನ್‌ರೂಫ್ ಕುಂಡ್ರಿಸಿದ್ರಿ. ಹುಚ್ಚ ಹಿಡದೈತಿ ಅಂತ ನಾನೂ ಬೈದಿದ್ದೆ. ನಿನ್ನಿ ಮಿರಜದ ದವಾಖಾನಿಯಿಂದ ಬಂದ ಮ್ಯಾಲ ಮಾವ ಸೀಟಿನ ಸರಳ ಗಟ್ಟಿ ಹಿಡದು ಇಳೀಲೇ ಇಲ್ಲ, ಗಾಡ್ಯಾಗ ಮಲಗಿದ್ರು. ಜಲ್ಮೆಲ್ಲಾ ಕುರಿ ಹಿಂದ ಬಯಲಾಗ ಮಲಗಿದ ಮನಷ್ಯಾ ಅಂತ ನೀವೂ ಅಲ್ಲೇ ಬಿಟ್ರಿ.

ಆದ್ರ ದಿಕ್ಕ ನೋಡಿ ನಿಲ್ಲಸಾಕ ಆಗ್ಲಿಲ್ಲೇನ್ರಿ ನಿಮಗ? ಮುಂಜಾನೆ ನೀವು ಹೊಲಕ್ಕ ಹೋದ ಮ್ಯಾಲ ಅತ್ತಿ ನೋಡಿದ್ರು, ಮಾವನ ತಲಿ ಉತ್ತರಕ್ಕ ಇತ್ತು. "ಜೀವಂತ ಇದ್ದಾಗ ಹಿಂಗ ಮಲಗಸ್ತೀರೇನ ನನ್ನ ಗಂಡನ್ನ?" ಅಂತ ಅಳಕೋತ ನನ್ನ ಕೈಲೇನ ತಲಿ ದಕ್ಷಿಣಕ್ಕ ತಿರುವಿ ಮಲಗಿಸಿದ್ರು. ಈಗ ಗಾಜಿನ ಕೆಳಗ ಮಾವನ ಕಾಲ ಅಷ್ಟ ಬಿಸಲ ಕಾಯ್ಸಾಕತ್ತಾವು. ಮಾರಿ ಮ್ಯಾಲ ಮತ್ತ ಅದ ತಗಡ. ಗಾಡಿ ತಿರುವಿದ್ರ ಗಾಜ ದಕ್ಷಿಣಕ್ಕ ಬರ್ತೈತಿ, ಆಗ ಮಾವನ ತಲಿ ಅದರ ಕೆಳಗ ಮಾಡಿ ಮಲಗಸ್ರಿ.

ನನಗ ಗಾಡಿ ನಡಸಾಕ ಬರೂದಿಲ್ಲ. ಅತ್ತಿ ನನ್ನ ಮಾತ ಕೇಳೂದಿಲ್ಲ. ಮಾವಗ ಮಾತ ಬಿದ್ದು ಹೋಗ್ಯಾವು. ಆಡೂದು ಒಂದ ಕೈ, ಅದರಿಂದ ಬಾಜೂ ತಗಡ ಬಡಿಯಾಕತ್ಯಾರ. ನಾ ಇದನ್ನ ಬರಿಯೂ ತನಕನೂ ನಿಲ್ಲಿಸಿಲ್ರಿ.

ಅನುಸೂಯಾ