ಭಾನುವಾರದ ಕತ್ತರಿ

ಸೆಪ್ಟೆಂಬರ್ 3, ಭಾನುವಾರ
ಗಂಧರಾಜ ಟ್ರಿಮ್ ಮಾಡಿದೆ. ದಾರ ಕಟ್ಟಿ, ಮಟ್ಟ ನೋಡಿ, ತಲೆ ಸಮ ಮಾಡಿದೆ. ಎಡಗಡೆ ಒಂದು ಕುಡಿ ಅರ್ಧ ಇಂಚು ಹೊರಗೆ ಬಂದಿತ್ತು — ಕಾಲರ್‌ನಿಂದ ನೂಲು ಇಣುಕಿದ ಹಾಗೆ. ಬಿಡೋಕೆ ಆಗುತ್ತಾ? ಮೂವತ್ತೆಂಟು ವರ್ಷ ಟೈಲರ್ ಆಗಿದ್ದವನು. ಅಂಗಡಿ ಮುಚ್ಚಿ ನಾಲ್ಕು ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಆಚೆಯಿಂದ ನೋಡಿ, "ಇಸ್ತ್ರಿನೂ ಹಾಕಿಬಿಡಿ" ಅಂದರು. ಹೊಟ್ಟೆಕಿಚ್ಚು.

ಹೂವು ಮಾತ್ರ ಇಲ್ಲ. ಈ ವರ್ಷವೂ ಇಲ್ಲ. ಅಕ್ಕ ನೆಟ್ಟ ಗಿಡ. ಅವಳ ಕಣ್ಣಿಗೆ ಈಗ ಬೆಳಕು, ನೆರಳು ಅಷ್ಟೇ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಎಲೆ ಸವರಿದಳು. "ಮೊಗ್ಗೇನಾದ್ರೂ ಇದೆಯೇನೋ?" "ಇಲ್ಲಕ್ಕ." "ಮಣ್ಣೇ ಸರಿ ಇಲ್ಲ ಬಿಡು."

ಸೆಪ್ಟೆಂಬರ್ 9
ಅಕ್ಕನ ಮಗಳ ಫೋನ್. ಬರುವ ಜೂನ್‌ನಲ್ಲಿ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಕಣ್ಣಾಸ್ಪತ್ರೆ ಹತ್ತಿರ. ಸರಿಯೇ. ಅಕ್ಕ ಒಪ್ಪಿದಳು. ಆಮೇಲೆ ಬಟ್ಟೆ ಮಡಿಸುತ್ತಾ, "ಹೋಗೋದ್ರೊಳಗೆ ಒಂದು ಹೂವಿನ ವಾಸನೆ ನೋಡ್ಬೇಕಿತ್ತು" ಅಂದಳು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನೂ ಕೇಳಿದವಳಲ್ಲ.

ಸೆಪ್ಟೆಂಬರ್ 12
ಒಂದು ಟೊಂಗೆ ತೆಗೆದುಕೊಂಡು ನರ್ಸರಿಗೆ ಹೋದೆ. ನರ್ಸರಿಯವನು ಕತ್ತರಿಸಿದ ತುದಿಯನ್ನೇ ನೋಡಿದ.
"ಎಷ್ಟು ದಿನಕ್ಕೊಂದ್ಸಲ ಕಟ್ ಮಾಡ್ತೀರಾ?"
"ವಾರಕ್ಕೊಂದ್ಸಲ."
ನಕ್ಕುಬಿಟ್ಟ. "ಗಿಡಕ್ಕೆ ರೋಗ ಇಲ್ಲ ಸರ್. ನಿಮ್ಮ ಕತ್ತರಿನೇ ರೋಗ." ಮುಂದಿನ ಬೇಸಿಗೆಯ ಮೊಗ್ಗು ಈಗಲೇ ಕುಡಿಯ ತುದಿಯಲ್ಲಿ ಕಟ್ಟುತ್ತಂತೆ. ಹೂ ಮುಗಿದ ಮೇಲೆ ಒಂದೇ ಸಲ ಕತ್ತರಿಸಬೇಕಂತೆ. ಅಂದರೆ ನಾಲ್ಕು ವರ್ಷ, ವಾರ ತಪ್ಪದೆ ನಾನೇ...

ಮನೆಗೆ ಬಂದೆ. "ಏನಂದ?" ಅಂತ ಅಕ್ಕ. "ಗೊಬ್ಬರ ಸಾಲದಂತೆ" ಅಂದೆ. ಬಾಯಿಗೆ ಬಂದದ್ದು ಅದು.

ಸೆಪ್ಟೆಂಬರ್ 17, ಭಾನುವಾರ
ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹತ್ತು ಗಂಟೆಗೆ ಕೈ ತುರಿಸತೊಡಗಿತು. ನೇಲ್ ಕಟರ್‌ನಲ್ಲಿ ಕಾಲೊರಸುವ ಮ್ಯಾಟ್‌ನ ಕುಚ್ಚು ಸಮ ಮಾಡಿದೆ. ನಾಚಿಕೆಯಾಯಿತು.

ನವೆಂಬರ್ 26
ಗಿಡ ಕ್ಷೌರ ಕಾಣದ ತಲೆಯಂತಾಗಿದೆ. "ಹುಷಾರಿಲ್ವಾ?" ಅಂದರು ಮೇಷ್ಟ್ರು — ಗಿಡಕ್ಕಲ್ಲ, ನನಗೆ. ತುದಿಯಲ್ಲಿ ಹಸಿರು ಮೊಗ್ಗು! ಹನ್ನೊಂದು. ಅಕ್ಕನ ಬೆರಳು ಹಿಡಿದು ಮುಟ್ಟಿಸಿದೆ. "ನೋಡ್ದ್ಯಾ, ಗೊಬ್ಬರದ ಮಹಿಮೆ!" ಅಂದಳು. ದಿನಾ ಟೀ ಚರಟ, ತರಕಾರಿ ಸಿಪ್ಪೆ, ಅಂಗಡಿಯ ಗೊಬ್ಬರ, ಎಲ್ಲ ಬಕೆಟ್‌ಗೆ ಹಾಕಿ, ಗೋಡೆ ಹಿಡಿದುಕೊಂಡು ಹೋಗಿ ಸುರಿಯುತ್ತಾಳೆ. ನಿನ್ನೆ ಮೊಣಕಾಲಿಗೆ ಪೆಟ್ಟಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೇ 12
ನಾಲ್ಕು ದಿನದಿಂದ ಮೊಗ್ಗು ಹಳದಿಯಾಗಿ ಉದುರುತ್ತಿದೆ. ಉಳಿದದ್ದು ಮೂರು. ನರ್ಸರಿಯವನಿಗೆ ಫೋನ್ ಮಾಡಿದೆ. "ಯಾರಾದ್ರೂ ಗೊಬ್ಬರ ಜಾಸ್ತಿ ಹಾಕ್ತಿದಾರಾ?"
ಹೌದು. ನನ್ನ ಸುಳ್ಳು ನಂಬಿಕೊಂಡು.

ಮೇ 13
ಹೇಳಿದೆ. ಬೆಳಿಗ್ಗೆ ಅಕ್ಕ ಬಕೆಟ್ ಎತ್ತಿದಾಗ ಅವಳ ಕೈ ಹಿಡಿದುಕೊಂಡು ಎಲ್ಲ ಹೇಳಿದೆ.
"ಕತ್ತರಿ ವಿಷಯ ಗೊತ್ತು ಕಣೋ," ಅಂದಳು. "ಕಣ್ಣು ಹೋದ್ರೆ ಕಿವಿನೂ ಹೋಗುತ್ತಾ? ಪ್ರತಿ ಭಾನುವಾರ ಕಚಕ್ ಕಚಕ್. ನೀನು ಒಳಗೆ ಹೋದ್ಮೇಲೆ ತಡಕಾಡಿದ್ರೆ ಬುಡದಲ್ಲಿ ಕತ್ತರಿಸಿ ಬಿದ್ದ ಎಳೇ ಮೊಗ್ಗು ಕೈಗೆ ಸಿಗೋದು."
"ಮತ್ತೆ ಯಾಕೆ ಹೇಳ್ಲಿಲ್ಲ?"
"ಅಂಗಡಿ ಮುಚ್ಚಿದ್ಮೇಲೆ ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ದೆ ನೀನು. ಆ ಗಿಡ ಕೈಗೆ ಸಿಕ್ಕಿದ್ಮೇಲೆ ಮನುಷ್ಯ ಆದೆ. ಹೂವು ದೊಡ್ಡದಾ, ನೀನು ದೊಡ್ಡವನಾ?" ಬಕೆಟ್ ಕೆಳಗಿಟ್ಟು, "ಗೊಬ್ಬರದ್ದು ಮಾತ್ರ ನಿಜವಾಗ್ಲೂ ನಂಬಿದ್ದೆ. ಮುಠ್ಠಾಳ."
ಅರವತ್ತಾರು ವರ್ಷದ ಗಂಡಸು, ಬಕೆಟ್ ಪಕ್ಕ ಕೂತು ಅತ್ತೆ.

ಜೂನ್ 2, ಭಾನುವಾರ
ಹೋದಳು. ಒಂದೇ ಒಂದು ಮೊಗ್ಗು ಉಳಿದಿತ್ತು, ಬಿಗಿಯಾಗಿ ಸುತ್ತಿಕೊಂಡು. ಚಪ್ಪಲಿ ಹಾಕಿಕೊಂಡ ಮೇಲೂ ಅದಕ್ಕೆ ಮೂಗು ತಾಗಿಸಿ ನಿಂತಿದ್ದಳು. "ಅಮ್ಮಾ, ಹೊತ್ತಾಯ್ತು," ಅಂತ ಮಗಳು ಎರಡು ಸಲ ಕರೆದಳು. "ಇನ್ನೂ ಇಲ್ಲ," ಅಂದಳು ಅಕ್ಕ. ನನಗೆ ಹೇಳಿದಳೋ, ಮೊಗ್ಗಿಗೋ. ಮನೆ ಖಾಲಿ. ಬೇಜಾರು.

ಜೂನ್ 4, ಬೆಳಿಗ್ಗೆ 6.30
ಅರಳಿದೆ. ಅಡುಗೆಮನೆಯವರೆಗೂ ವಾಸನೆ. ಚಪ್ಪಲಿ ಇಲ್ಲದೆ ಓಡಿದೆ. ಅಲ್ಲಿಂದಲೇ ಫೋನ್ ಮಾಡಿದೆ.
"ಅಕ್ಕ, ಅರಳ್ತು."
"ಹೇಗಿದೆ, ಹೇಳು."
"ಬೆಳ್ಳಗಿದೆ. ಆರು ದಳ... ಅಲ್ಲ, ಇನ್ನೂ ಒಳಗಿವೆ."
"ಅದು ಯಾರಿಗೆ ಬೇಕೋ. ವಾಸನೆ ಹೇಳು."
ಏನಂತ ಹೇಳಲಿ? ಬಟ್ಟೆಯ ಅಳತೆ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಫೋನನ್ನು ಕಿವಿಗೆ ಒತ್ತಿಕೊಂಡು ಬಗ್ಗಿದೆ, ಕಣ್ಣು ಮುಚ್ಚಿದೆ, ಉಸಿರು ಎಳೆದೆ. "ಅಕ್ಕ, ಇದು ಅಳತೆಗೆ ಸಿಗಲ್ಲ," ಅಂದೆ.