ಬ್ಯಾಡಗಿಯ ಪ್ರಸಂಗಪೀಠ

ಜುಲೈ 8, 2024. ಸೋಮವಾರ

ಹೀಬ್ರೂ ಟೆಸ್ಟ್ ಪೇಪರ್ ಬಂತು. ಇಪ್ಪತ್ತಕ್ಕೆ ಹದಿನೇಳು. ಸುನಿತಾಗೆ ಹತ್ತೊಂಬತ್ತು — ಎಂದಿನಂತೆ. ಹೇಮಪ್ಪ ಕಾಕಾಗೆ ನಾಲ್ಕು. ಪ್ರಿನ್ಸಿಪಾಲರು ಅವನ ಪೇಪರ್ ಎತ್ತಿ ಹಿಡಿದು ಕ್ಲಾಸಿಗೆಲ್ಲ ತೋರಿಸಿದರು. ಇದು ಹೀಬ್ರೂನೋ ಹಳೇ ದಫ್ತರದ ಮೋಡಿ ಲಿಪಿಯೋ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ. ಕಾಕಾ ಕೂಡ ನಕ್ಕ.

ನಲವತ್ತೆಂಟನೇ ವಯಸ್ಸಿಗೆ ಬೈಬಲ್ ಕಾಲೇಜು ಸೇರಿದವನು. ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ಇತ್ತು, ಮಾರಿ ಬಂದ. ಹೆಂಡತಿ ಫಕ್ಕೀರವ್ವ ಅಲ್ಲೇ ಇದ್ದಾಳೆ. ಒಬ್ಬನೇ ಮಗ ಕಿರಣ, ಆರು ವರ್ಷದ ಹಿಂದೆ ಅದೇ ಗಿರಣಿಯ ತಿರುಗುವ ಪಟ್ಟಾಕ್ಕೆ ಸಿಕ್ಕಿ ಸತ್ತ. ಇಷ್ಟು ಹಾಸ್ಟೆಲಿಗೆಲ್ಲ ಗೊತ್ತು. ಕಾಕಾ ನನ್ನ ರೂಮ್‌ಮೇಟ್. ಬೆಳಿಗ್ಗೆ ನನಗಿಂತ ಮೊದಲು ಎದ್ದು ನನ್ನ ಬಕೆಟ್ಟಿಗೂ ನೀರು ತುಂಬಿಡುತ್ತಾನೆ. ಬೇಡ ಅಂದಿಲ್ಲ ನಾನು.

ಜುಲೈ 19, ಶುಕ್ರವಾರ

ಯೋಬನ ಗ್ರಂಥ, ಕೊನೆಯ ಅಧ್ಯಾಯ. ಒಳ್ಳೆಯವನೊಬ್ಬ ದನಕರು, ಹತ್ತು ಮಕ್ಕಳು, ಎಲ್ಲ ಕಳೆದುಕೊಳ್ಳುತ್ತಾನೆ. ಗೆಳೆಯರು ಬಂದು ನಿನ್ನದೇ ಏನೋ ಪಾಪ ಇರಬೇಕು ಅನ್ನುತ್ತಾರೆ. ಕೊನೆಗೆ ದೇವರು ಎಲ್ಲವನ್ನೂ ತಿರುಗಿ ಕೊಡುತ್ತಾನೆ. ಪ್ರಿನ್ಸಿಪಾಲರು ಪುಸ್ತಕ ಮುಚ್ಚುವ ಹೊತ್ತಿಗೆ ಕಾಕಾ ಎದ್ದು ನಿಂತ.

'ಸರ್, ಕುರಿ ಎರಡ್ಪಟ್ಟು ಕೊಟ್ಟಾನ. ಮಕ್ಕಳು ಮತ್ತ ಹತ್ತ. ಸತ್ತ ಹುಡುಗರು ಎಲ್ಲಿ ಹೋದ್ರು ಅಂತ ಯೋಬ ಕೇಳಲಿಲ್ಲೇನ್ರಿ?'

ಇದು ಪರೀಕ್ಷೆಗೆ ಬರುವುದಿಲ್ಲ ಅಂದರು ಪ್ರಿನ್ಸಿಪಾಲರು. ಕಾಕಾ ಕೂರಲಿಲ್ಲ. ಅವರಿಗೆ ಸಿಟ್ಟು ಬಂತು. ಹಾಗಾದರೆ ನೀವೇ ಯೋಬ ಆಗಿರಿ ಅಂದರು. ಅವನನ್ನು ಬೋರ್ಡಿನ ಮುಂದೆ ನೆಲದ ಮೇಲೆ ಕೂರಿಸಿ, ಮೂವರು ಗೆಳೆಯರ ಮಾತುಗಳನ್ನು ಅವನ ಎದುರು ನಿಂತು ಓದಲು ನಮ್ಮಲ್ಲಿ ಮೂವರಿಗೆ ಹೇಳಿದರು. ಮೊದಲ ಗೆಳೆಯ ಎಲೀಫಜನ ಪಾಲು ನನಗೆ. ತಪ್ಪಿಲ್ಲದೆ ಓದಿದೆ. ನಿನ್ನ ಧ್ವನಿ ಪ್ರಸಂಗಪೀಠಕ್ಕೆ ಹೇಳಿಮಾಡಿಸಿದ್ದು ಅಂದರು. ಕಾಕಾ ನೆಲ ನೋಡುತ್ತಿದ್ದ.

ಆಗಸ್ಟ್ 5, ಸೋಮವಾರ

ಪ್ರಿನ್ಸಿಪಾಲರು ಆಫೀಸಿಗೆ ಕರೆದರು. ಬ್ಯಾಡಗಿ ಚರ್ಚಿನ ಸಭೆಯ ಪಾಸ್ಟರ್ ನಿವೃತ್ತರಾಗುತ್ತಾರೆ. ಅಲ್ಲಿಗೆ ಇಬ್ಬರ ಹೆಸರು — ನಾನು, ಸುನಿತಾ. 25ನೇ ತಾರೀಖು ಭಾನುವಾರದ ಆರಾಧನೆಯಲ್ಲಿ ಉಪದೇಶ, ಅಂದರೆ ಪ್ರಸಂಗ, ನನ್ನದು, ಮುಂದಿನ ವಾರ ಆಕೆಯದು. ಸಭೆಯ ಹಿರಿಯರು ಕೇಳಿ ಆರಿಸುತ್ತಾರೆ. ವಿಷಯ ಯೋಬ.

'ಪುಸ್ತಕದ್ದು ಯಾರಿಗೂ ಬ್ಯಾಡ ಚನ್ನೇಶ. ಜೀವಂತ ಉದಾಹರಣಿ ಕೊಡು. ಮಂದಿ ಕಣ್ಣಾಗ ನೀರು ಬರಬೇಕು.'

ನನ್ನ ಜೀವನದಲ್ಲಿ ಅಂಥದ್ದೇನಿದೆ? ಕುಪ್ಪೇಲೂರಲ್ಲಿ ಅಪ್ಪ ಬೈಬಲ್ ಕಾಲೇಜಿನ ಮಾತು ಮುಚ್ಚಿಟ್ಟು, ಇವತ್ತಿಗೂ ನನ್ನ ಮಗ ರಾಣೆಬೆನ್ನೂರಲ್ಲಿ ಬೀಜದ ಕಂಪನಿಯಲ್ಲಿದ್ದಾನೆ ಅಂತಲೇ ಹೇಳಿಕೊಂಡು ತಿರುಗುತ್ತಾನೆ. ಅದು ಅಳಿಸುವ ಕತೆಯಲ್ಲ. ಬ್ಯಾಡಗಿ ಸಿಕ್ಕರೆ ಸ್ವಂತ ಮನೆ, ಸ್ವಂತ ಸಭೆ. ಆಗ ಅಪ್ಪ ಏನು ಹೇಳುತ್ತಾನೋ ನೋಡಬೇಕು.

ಆಗಸ್ಟ್ 10, ಶನಿವಾರ. ಸಂಜೆ

ಹಾವೇರಿಗೆ ಹೋಗಿದ್ದೆ. ಅಲ್ಲಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಯೋಬನ ಮೇಲೆ ಹಳೆಯ ವ್ಯಾಖ್ಯಾನ ಇದೆ, ಝೆರಾಕ್ಸ್ ಮಾಡಿಸಲು. ಕಾಕಾ ತಾನೂ ಬರುತ್ತೇನೆ ಅಂದ. ವಾಪಸ್ ಬರುವಾಗ ಬಸ್ಸು ಅರ್ಧ ಖಾಲಿ. ಪ್ರಸಂಗಕ್ಕೆ ಏನೂ ಹೊಳೆಯುತ್ತಿಲ್ಲ ಎಂದು ನಾನು ಗೊಣಗುತ್ತಿದ್ದೆ. ಇದ್ದಕ್ಕಿದ್ದಂತೆ ಕಾಕಾ ಅಂದ —

'ಸ್ವಿಚ್ ಎತ್ತಿದವನು ನಾನ ತಮ್ಮಾ.'

ಆಮೇಲೆ ಎಲ್ಲ ಹೇಳಿದ. ಅವತ್ತು ಕರೆಂಟ್ ಹೋಗಿತ್ತು. ಪಟ್ಟಾ ಒರೆಸು ಎಂದು ಕಿರಣನನ್ನು ಹಿಂದೆ ಕಳಿಸಿದವನೂ ಇವನೇ. ಕರೆಂಟ್ ಬಂತು. ಗಿರಾಕಿಗಳು ಅವಸರ ಮಾಡಿದರು. ಹುಡುಗ ಹಿಂದಿದ್ದಾನೆ ಅನ್ನುವುದು ಮರೆತು ಸ್ವಿಚ್ ಎತ್ತಿದ. ಸ್ವಿಚ್ ಮೇಲೇ ಇತ್ತು, ಕರೆಂಟ್ ಬಂದು ಗಿರಣಿ ತಾನಾಗಿಯೇ ಶುರುವಾಯಿತು ಎಂದು ಎಲ್ಲರಿಗೂ ಹೇಳಿದ್ದಾನೆ. ಫಕ್ಕೀರವ್ವನಿಗೂ. ಆಕೆ ಆರು ವರ್ಷದಿಂದ ಕರೆಂಟಿನವರಿಗೆ ಶಾಪ ಹಾಕುತ್ತಿದ್ದಾಳೆ. ಇವನು ಕೇಳುತ್ತ ಕೂರುತ್ತಾನೆ.

'ಆಕಿಗೆ ಹೇಳಬೇಕು. ಓದು ಮುಗಿಯೂದರಾಗ ಹೇಳತೇನಿ. ನಿನ್ನ ಮುಂದ ಬಾಯಿ ಬಂತು, ನೋಡು. ಇನ್ನ ಬಂದೀತು.'

ಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದನಂತೆ.

ಆಗಸ್ಟ್ 21, ಬುಧವಾರ

ಪ್ರಸಂಗ ಬರೆದಾಯಿತು. ಸುನಿತಾಗೆ ಓದಿ ತೋರಿಸಿದೆ. ಗಿರಣಿಯ ಭಾಗ ಬಂದಾಗ ನಿಲ್ಲಿಸು ಅಂದಳು. ಇದು ಕಾಕಾನದಲ್ಲವೇ ಎಂದಳು. ಹೆಸರು ಎಲ್ಲೂ ಹಾಕಿಲ್ಲ, 'ಒಬ್ಬ ತಂದೆ' ಅಂತಷ್ಟೇ ಇದೆ ಅಂದೆ. ಬ್ಯಾಡಗಿಯಲ್ಲಿ ಎಷ್ಟು ಖಾರದ ಗಿರಣಿ ಇಲ್ಲ!

'ಗಿರಣಿ ಭಾಳ ಅದಾವು. ಹಂಗ ಸತ್ತ ಹುಡುಗ ಒಬ್ಬನ ಚನ್ನೇಶ. ತಗದ್ಹಾಕು ಅದನ್ನ.'

ಹಾಳೆ ಮಡಚಿಟ್ಟೆ. ಆಕೆಗೂ ಬ್ಯಾಡಗಿ ಬೇಕಾಗಿದೆ. ಅದಕ್ಕೇ ಹೇಳುತ್ತಾಳೆ. ಆದರೂ ಬದಲಿಗೆ ಇನ್ನೊಂದು ಉದಾಹರಣೆ ಬರೆದಿಟ್ಟೆ — ನೆರೆಯಲ್ಲಿ ಮನೆ ಕಳೆದುಕೊಂಡ ಮುದುಕಿ. ಸಪ್ಪೆ. ಎರಡೂ ಹಾಳೆ ಒಯ್ಯುತ್ತೇನೆ.

ಆಗಸ್ಟ್ 25, ಭಾನುವಾರ. ಸಂಜೆ

ಆಯಿತು.

ಕಾಕಾ ಹಿಂದಿನ ದಿನವೇ ಊರಿಗೆ ಹೋಗಿದ್ದ. ನನ್ನ ಪ್ರಸಂಗ ಕೇಳಲೆಂದೇ ಹೆಂಡತಿಯನ್ನು ಕರೆದುಕೊಂಡು ಬಂದ. ಚರ್ಚಿನ ಬಾಗಿಲಲ್ಲಿ ನಿಂತು ಸಿಕ್ಕವರಿಗೆಲ್ಲ ಹೇಳುತ್ತಿದ್ದನಂತೆ, ಇವತ್ತು ಮಾತಾಡುವವನು ನಮ್ಮ ಹುಡುಗ, ನನ್ನ ರೂಮಿನವನು ಎಂದು. ಮೂರನೇ ಸಾಲಿನಲ್ಲಿ ಕುಳಿತರು. ಫಕ್ಕೀರವ್ವನನ್ನು ಮೊದಲ ಸಲ ನೋಡಿದೆ. ತೆಳ್ಳಗೆ, ಎತ್ತರ. ನನ್ನನ್ನು ನೋಡಿ ನಕ್ಕಳು.

ಎರಡೂ ಹಾಳೆ ಕೈಯಲ್ಲಿದ್ದವು. ಮೊದಲ ಹತ್ತು ನಿಮಿಷ ಜನ ಆಕಳಿಸುತ್ತಿದ್ದರು. ಹಿರಿಯರೊಬ್ಬರು ಫೋನು ನೋಡುತ್ತಿದ್ದರು. 'ಈ ಊರಿನಂಥದೇ ಒಂದು ಊರು, ಅಲ್ಲೊಂದು ಗಿರಣಿ' ಅಂದೆ. ಫೋನು ಕೆಳಗಿಳಿಯಿತು. ಕಾಕಾ ತಲೆ ಎತ್ತಿದ. ಬೇಡ ಅನ್ನುವ ಹಾಗೆ ಕೈ ಅಲುಗಿಸಿದ — ಸ್ವಲ್ಪವೇ, ನನಗೆ ಮಾತ್ರ ಕಾಣುವಷ್ಟು. ಕಂಡೆ. ಆಗ ಮುದುಕಿಯ ಕತೆಗೆ ತಿರುಗಬಹುದಿತ್ತು. ಆದರೆ ಇಡೀ ಸಭೆ ಉಸಿರು ಹಿಡಿದಿತ್ತು. ಅಂಥ ಮೌನ ನನಗೆ ಯಾವತ್ತೂ ಸಿಕ್ಕಿಲ್ಲ.

ಸ್ವಿಚ್ ಎತ್ತಿದ್ದನ್ನು ಕೈಯಿಂದ ಮಾಡಿ ತೋರಿಸಿದೆ.

ಹೆಂಗಸರು ಬಿಕ್ಕಿದರು. ಫಕ್ಕೀರವ್ವ ಅಳಲಿಲ್ಲ. ನನ್ನತ್ತ ನೋಡಲೂ ಇಲ್ಲ. ಗಂಡನ ಬಲಗೈ ನೋಡುತ್ತಿದ್ದಳು. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಸರಿದು ಕುಳಿತಳು. ಕೊನೆಯ ಪ್ರಾರ್ಥನೆಗೆ ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಬ್ಬರೂ ಇರಲಿಲ್ಲ.

ಹಿರಿಯರು ಕೈ ಹಿಡಿದುಕೊಂಡರು. ಹಿರಿಯರೊಬ್ಬರ ಮನೆಯಲ್ಲಿ ಮಟನ್ ಊಟ. ಹಸಿವಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಆಗಸ್ಟ್ 27, ಮಂಗಳವಾರ

ಕಾಕಾ ಬಂದಿಲ್ಲ. ಸುನಿತಾ ತನ್ನ ಹೆಸರು ವಾಪಸ್ ತೆಗೆದುಕೊಂಡಳು. ಕ್ಯಾಂಟೀನಿನಲ್ಲಿ ನಾನು ಎದುರು ಕುಳಿತಾಗ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಳು. ಪ್ರಿನ್ಸಿಪಾಲರು ಪ್ರಸಂಗ ಮಾಡಲು ಕಲಿಸುವ ಹೋಮಿಲೆಟಿಕ್ಸ್ ಕ್ಲಾಸಿನಲ್ಲಿ ನನ್ನ ಪ್ರಸಂಗವನ್ನೇ ಮಾದರಿ ಎಂದು ಓದಿಸಿದರು.

ಸೆಪ್ಟೆಂಬರ್ 14, ಶನಿವಾರ

ಕಾಕಾ ಬಂದಿದ್ದ. ಓದಲು ಅಲ್ಲ, ಟ್ರಂಕು ಒಯ್ಯಲು. ಗಡ್ಡ ಬಿಟ್ಟಿದ್ದಾನೆ. ಫಕ್ಕೀರವ್ವ ಅವತ್ತೇ ಹಲಗೇರಿಗೆ, ಅಣ್ಣನ ಮನೆಗೆ ಹೋದಳಂತೆ. ಇವನು ಎರಡು ಸಲ ಹೋದರೂ ಬಾಗಿಲಿಗೆ ಬರಲಿಲ್ಲ. ಗಿರಣಿ ಓಣಿಯಲ್ಲಿ ಮಗನನ್ನು ಕೊಂದವನು ಅಂತ ಮುಖದ ಮೇಲೇ ಅನ್ನುತ್ತಾರಂತೆ. ಬಟ್ಟೆ ಮಡಚುತ್ತ ಹೇಳಿದ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ನಾನು ಹೆಸರು ಹೇಳಲಿಲ್ಲವಲ್ಲ ಕಾಕಾ ಅಂದೆ.

ಟ್ರಂಕು ಮುಚ್ಚಿ ಅದರ ಮೇಲೆ ಕುಳಿತ.

'ಮಗನ್ನ ಕಳಕೊಂಡೆ. ಗಿರಣಿ ಮಾರಿದೆ. ಆಕಿ ಮುಂದ ನಾನ ಹೇಳೂದು ಅಂತ ಒಂದ ಮಾತು ಉಳಿದಿತ್ತು ತಮ್ಮಾ. ಅದನ್ನೂ ನೀ ತಗೊಂಡಿ.'

ಆಟೋದವರೆಗೆ ಟ್ರಂಕು ಹಿಡಿಯಲು ಹೋದೆ. ಬಿಡಲಿಲ್ಲ.

ಅಕ್ಟೋಬರ್ 6, ಭಾನುವಾರ

ಬ್ಯಾಡಗಿ ನನ್ನದಾಯಿತು. ಓದು ಮುಗಿಯುವವರೆಗೆ ಭಾನುವಾರಗಳು, ಆಮೇಲೆ ಪೂರ್ತಿ. ಹಾರ, ಶಾಲು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಊರಲ್ಲಿ ಯಾರ ಮುಂದೆಯೂ ಆಡಬೇಡ ಎಂದು ಇಟ್ಟುಬಿಟ್ಟ.

ಮಂದಿ ಗಿರಣಿ ಕತೆಯನ್ನೇ ಕೇಳುತ್ತಾರೆ. ಹಾವೇರಿಯ ಪ್ರಾರ್ಥನಾ ಕೂಟದಲ್ಲೂ ಹೇಳಿಸಿದರು. ಈಗ ಎಲ್ಲಿ ನಿಲ್ಲಿಸಿದರೆ ಅಳುತ್ತಾರೆ ಅನ್ನುವುದು ಗೊತ್ತಾಗಿದೆ.

ನವೆಂಬರ್ 10, ಭಾನುವಾರ. ಮಧ್ಯಾಹ್ನ

ಊಟ ಮುಗಿಸಿ ಸಂಜೆಯ ಆರಾಧನೆಗೆ ತಯಾರಿ ಮಾಡುತ್ತಿದ್ದೆ. ಚರ್ಚಿನ ಪಕ್ಕದ ಕೋಣೆ. ಫಕ್ಕೀರವ್ವ ಬಂದಳು. ಹಲಗೇರಿಯಿಂದ ಒಬ್ಬಳೇ. ಕುರ್ಚಿ ಕೊಟ್ಟೆ, ಕೂರಲಿಲ್ಲ. ಪ್ರಾರ್ಥನೆ ಮಾಡೋಣ ಅಂದೆ.

'ಪ್ರಾರ್ಥನಿ ಬ್ಯಾಡ. ಒಂದ ಮಾತು ಕೇಳಿ ಹೊಕ್ಕೇನಿ. ನಿಮ್ಮ ಮುಂದ ಹೇಳೂವಾಗ ಅವರು ಅತ್ತರೇನ್ರಿ?'

ಯಾಕೆ ಅಂದೆ. ಮಗನನ್ನು ಮಣ್ಣು ಮಾಡಿದ ದಿನವೂ ಗಂಡ ಅಳಲಿಲ್ಲವಂತೆ. ಆರು ವರ್ಷದಲ್ಲಿ ಒಂದು ಹನಿ ಕಂಡಿಲ್ಲ. ಕೈತಪ್ಪು ಯಾರಿಗೂ ಆಗುತ್ತದೆ, ಅದನ್ನು ಹೇಗೋ ನುಂಗಿಕೊಂಡೇನು. ಆದರೆ ಅಷ್ಟು ದಿನ ತನ್ನ ಪಕ್ಕ ಉಂಡು ಮಲಗಿದವನ ಒಳಗೆ ಏನಾದರೂ ಸುಡುತ್ತಿತ್ತೋ ಇಲ್ಲವೋ, ಅಷ್ಟು ಗೊತ್ತಾಗಬೇಕು.

'ಅತ್ತಿದ್ದರ ಮನಿಗೆ ಹೊಕ್ಕೇನಿ. ಇಲ್ಲಂದ್ರ ಇಲ್ಲ. ಖರೇ ಹೇಳ್ರಿ.'

ಅತ್ತರು ಅಂದೆ. ಹೇಗೆ ಅಂದಳು. ಹಣೆ ಚಚ್ಚಿಕೊಂಡು, ಅಯ್ಯೋ ನನ್ನ ಕಂದಾ ಎಂದು, ಕೈ ನೋಡಿಕೊಂಡು ಅತ್ತರು ಅಂದೆ. ನನ್ನ ಧ್ವನಿ ತಾನಾಗಿಯೇ ಇಳಿಯಿತು, ನಡುಗಿತು.

ಆಕೆ ನನ್ನ ಮುಖವನ್ನೇ ನೋಡಿದಳು.

'ಅದು ನೀವು ಮಂದಿ ಮುಂದ ಹೇಳಿದ್ದು. ನಾ ಕೇಳಿದ್ದು ಅವರು ನಿಮ್ಮ ಮುಂದ ಹೇಳೂವಾಗಿನದು.'

ನಿಜ. ಅದು ನಾನೇ ಪ್ರಸಂಗಕ್ಕೆ ಸೇರಿಸಿದ ಸಾಲು. ಬಸ್ಸಿನಲ್ಲಿ ಅವನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಧ್ವನಿ ಇದೆ, ಮಾತು ಇದೆ. ಮುಖ ಇಲ್ಲ. ಅವತ್ತು ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿದ್ದೆ. ಪ್ರಸಂಗದ ಮೊದಲ ವಾಕ್ಯ ಯಾವುದಿರಬೇಕು ಎಂದು ಜೋಡಿಸುತ್ತಿದ್ದೆ.

ಆಕೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ನೆನಪಾದರೆ ಕರೀರಿ ಅಂದಳು. ಅರ್ಧ ತಾಸಾಯಿತು. ಕೋಣೆಯ ಕಿಟಕಿಯಿಂದ ಆಕೆಯ ಬೆನ್ನು ಕಾಣುತ್ತದೆ. ಅವರ ಮುಖ ನಾನು ನೋಡಲಿಲ್ಲ ಅನ್ನಬೇಕು. ಅಷ್ಟೇ ಖರೆ. ಹಾಗೆ ಅಂದರೆ ಆಕೆ ಹಲಗೇರಿಗೆ ಹೋಗುತ್ತಾಳೆ, ಕಾಕಾ ಇದೇ ಊರಲ್ಲಿ ಒಬ್ಬನೇ…

ಎದ್ದಳು. ಸೆರಗು ಕೊಡವಿಕೊಂಡಳು. ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಾಳೆ. ಕೂಗಿದರೆ ಇನ್ನೂ ಕೇಳಿಸೀತು. ಕೂಗಿ ಏನಂತ ಹೇಳಲಿ, ಅತ್ತರು ಅಂತಲೋ, ನೋಡಲಿಲ್ಲ ಅಂತಲೋ?