ಮೊದಲು ಸ್ವಿಚ್ ಆರಿಸಿದ ಕೈ

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಬೆಳಗಿನ ಹೊತ್ತು

ನನ್ನ ಮುದ್ದು ಮಗನೇ,

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ಹೋದ ಸಲ ಕಂಡಾಗ ಕೆನ್ನೆ ಒಳಕ್ಕೆ ಹೋಗಿತ್ತು. ಅಲ್ಲಿಯ ಊಟ ಸೇರುವುದಿಲ್ಲ ಅಂತ ಮುಖ ತಿರುಗಿಸಬೇಡ, ಕೊಟ್ಟದ್ದನ್ನು ತಿನ್ನು. ಜೈಲಿಗೆ ಬರುವ ಕಾಗದಗಳನ್ನು ಒಡೆದು ಓದಿಯೇ ಒಳಗೆ ಕೊಡುತ್ತಾರಂತೆ. ಓದಲಿ ಬಿಡು. ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಅಕ್ಷರ ದುಂಡಗಿಲ್ಲ, ಸ್ವಲ್ಪ ಸಹಿಸಿಕೊಳ್ಳಲಿ. ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಮಾತ್ರ ಕೂತರೊಮ್ಮೆ ಎದ್ದರೊಮ್ಮೆ ಲಟಲಟ ಎನ್ನುತ್ತದೆ. ಇಸ್ತ್ರಿ ಅಂಗಡಿ ಹೇಗೋ ನಡೆಯುತ್ತಿದೆ. ಎದುರುಮನೆ ಡಾಕ್ಟರಮ್ಮ ಇವತ್ತಿಗೂ ಜೇಬಿನಲ್ಲಿ ಪೆನ್ನು ಬಿಟ್ಟೇ ಕೋಟು ಕಳಿಸುತ್ತಾಳೆ, ಶಾಯಿ ಕಲೆಗೆ ಇವತ್ತಿಗೂ ನನ್ನನ್ನೇ ಬಯ್ಯುತ್ತಾಳೆ. ಸೊಸೆ ತನ್ನ ಅಕ್ಕನ ಮನೆಯಲ್ಲೇ ಇದ್ದಾಳೆ. ಭಾನುವಾರ ನಿನ್ನ ಮಗಳನ್ನು ಕರೆದುಕೊಂಡು ಬಂದು ಹೋಗುತ್ತಾಳೆ. ಚೂಟಿ ಎತ್ತರವಾಗಿದ್ದಾಳೆ ಕಣೋ, ಆದರೆ ಆ ಚೂಟಿತನ ಎಲ್ಲಿ ಹೋಯಿತೋ ಕಾಣೆ.

ಲಂಬು ಸಂಜೆ ಹೊತ್ತು ಬಂದು ಬೆಂಚಿನ ಮೇಲೆ ಕೂರುತ್ತಾನೆ. ಕಣ್ಣು ಮುಚ್ಚಿಕೊಂಡು ಅಂಗಿ ಮಡಿಸುತ್ತಿದ್ದ ನಿನ್ನ ಪಾಲುದಾರ, ಈಗ ತನ್ನ ಅಂಗಿಗೇ ಗುಂಡಿ ಹಾಕಿಕೊಳ್ಳಲಾರ. ನಾನು ಹಾಕುತ್ತೇನೆ. ತಲೆಗೆ ಯಾರು ಹೊಡೆದರು ಎಂಬುದು ಅವನಿಗೆ ಇನ್ನೂ ನೆನಪಿಲ್ಲ. ನಿನ್ನನ್ನು ಮಾತ್ರ ಮರೆತಿಲ್ಲ. "ಎಲ್ಲಮ್ಮಾ ಅವ್ನು? ಬಟ್ಟೆ ಕೊಡೋಕೆ ಹೋದೋನು ಇನ್ನೂ ಬಂದಿಲ್ವಾ?" ಅಂತ ದಿನಾ ಕೇಳುತ್ತಾನೆ. ಬಟ್ಟೆ ಕೊಡಲು ಹೋಗಿದ್ದೆ ಎಂದು ತಾನೇ ನೀನು ಕೋರ್ಟಿನಲ್ಲಿ ಹೇಳಿದ್ದು? ಅವನು ಹಾಗೆ ಕೇಳಿದಾಗಲೆಲ್ಲ ಅವನ ಕೈಗೆ ಟೀ ಲೋಟ ಕೊಡುತ್ತೇನೆ.

ನಿನ್ನ ಲಾಯರ್ರು ಬಂದಿದ್ದರು. ಒಳ್ಳೆಯ ಮನುಷ್ಯರೇ, ಟೀ ಕುಡಿದು ಲೋಟ ತಾವೇ ತೊಳೆದಿಟ್ಟರು. ಅಪೀಲಿನ ವಿಷಯ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. "ಇರೋಳು ಒಬ್ಳೇ ಸಾಕ್ಷಿ, ಅದೂ ಮಗು. ಮಗು ಅಂದ ಮಾತ್ರಕ್ಕೆ ಸುಳ್ಳು ಅಂತ ಕೋರ್ಟು ತಳ್ಳಿ ಹಾಕಲ್ಲಮ್ಮಾ. ಆದ್ರೆ ಅವ್ಳು ಕೂತ ಜಾಗದಿಂದ ಕಾಣಿಸ್ತಿತ್ತಾ, ಯಾರಾದ್ರೂ ಹೇಳ್ಕೊಟ್ರಾ, ಹೇಳಿದ್ದು ನಡೆಯೋ ಅಂಥದ್ದಾ, ಇದನ್ನೆಲ್ಲ ತೂಗಿ ನೋಡ್ತಾರೆ" ಎಂದರು. ಇಸ್ತ್ರಿ ಮೇಜಿನ ಕೆಳಗೆ, ಇಳಿಬಿದ್ದ ಕಂಬಳಿಯ ಹಿಂದೆ ಕೂತಿದ್ದ ಚೂಟಿಗೆ ಏನು ಕಂಡೀತು ಎಂಬುದು ಅವರ ಒಂದು ವಾದ. ಸೊಸೆಯೇ ಹೇಳಿಕೊಟ್ಟಳು ಎಂದು ನಾನು ಅಫಿಡವಿಟ್ಟಿಗೆ ಸಹಿ ಹಾಕಬೇಕು, ಅದು ಇನ್ನೊಂದು. ನೀನೂ ಹೋದ ಕಾಗದದಲ್ಲಿ ಅದನ್ನೇ ಬರೆದಿದ್ದೀಯ.

ಆಮೇಲೆ ಅವರೇ ನಕ್ಕರು. "ನಮ್ಮ ಅದೃಷ್ಟಕ್ಕೆ ಮಗು ಒಂದು ಮಾತು ಹೆಚ್ಚಿಗೆ ಹೇಳಿದೆ. ಅಪ್ಪ ಮೊದ್ಲು ಸ್ವಿಚ್ ಆರಿಸಿದ್ರು, ಆಮೇಲೆ ಷಟರ್ ಕಂಬಿ ತಗೊಂಡು ಹೊಡೆದ್ರು ಅಂತ. ಅಲ್ಲಮ್ಮಾ, ರೋಷದಲ್ಲಿ ಕಂಬಿ ಎತ್ತೋನು ಬಗ್ಗಿ ಇಸ್ತ್ರಿಪೆಟ್ಟಿಗೆ ಆರಿಸ್ತಾ ಕೂರ್ತಾನಾ? ಇದು ಕಟ್ಟುಕತೆ ಅನ್ನೋಕೆ ಇಷ್ಟು ಸಾಕು" ಎಂದರು. ನನಗೆ ನಗು ಬರಲಿಲ್ಲ. ಬಟ್ಟೆಗೆ ನೀರು ಚಿಮುಕಿಸುತ್ತಿದ್ದ ಬಾಟಲಿ ಕೆಳಗಿಟ್ಟೆ.

ಮಗನೇ, ನಿನಗೆ ನೆನಪಿದೆಯೋ ಇಲ್ಲವೋ. ಚಿಕ್ಕವನಿದ್ದಾಗ ಮೇಷ್ಟ್ರ ಪ್ಯಾಂಟು ಸುಟ್ಟು ಕುಂಡೆಯ ಹತ್ತಿರ ಕಿಟಕಿ ಮಾಡಿದ್ದೆ. ಆವತ್ತು ನಿನ್ನ ಕಿವಿ ಹಿಂಡಿ ಕಲಿಸಿದೆ, "ಮನೆಗೆ ಬೆಂಕಿ ಬಿದ್ರೂ ಸರಿ, ಮೇಜು ಬಿಟ್ಟು ಹೋಗೋ ಮುಂಚೆ ಸ್ವಿಚ್ ಆರ್ಸು" ಅಂತ. ನಿನ್ನಪ್ಪ ಬಾಗಿಲಲ್ಲಿ ಕುಸಿದು ಬಿದ್ದ ದಿನವೂ ನೀನು ಅಳುತ್ತಲೇ ಬಗ್ಗಿ ಸ್ವಿಚ್ ಆರಿಸಿ ಆಮೇಲೆ ಓಡಿದೆ. ಮಾಡಿದ್ದೂ ನಿನಗೆ ಗೊತ್ತಾಗಲಿಲ್ಲ. ಇದನ್ನು ಸೊಸೆ ಹೇಗೆ ಹೇಳಿಕೊಟ್ಟಾಳು? ಇಸ್ತ್ರಿಯ ಕಾವಿಗೆ ತಲೆ ಸುತ್ತುತ್ತದೆಂದು ಅವಳು ಅಂಗಡಿಯ ಮೆಟ್ಟಿಲು ಹತ್ತಿದ್ದೇ ಅಪರೂಪ. ಲಾಯರ್ರು ಹೋದ ಮೇಲೆ ಷಟರ್ ಅರ್ಧ ಇಳಿಸಿ, ಈ ಮೊಣಕಾಲು ಹೊತ್ತುಕೊಂಡು ನಾನೇ ಮೇಜಿನ ಕೆಳಗೆ ತೂರಿದೆ. ಯಾರಾದರೂ ನೋಡಿದ್ದರೆ ಮುದುಕಿಗೆ ಅರಳುಮರಳು ಅನ್ನುತ್ತಿದ್ದರು. ಸ್ವಿಚ್ ಇರುವುದು ಅಲ್ಲೇ ಒಳಗಿನ ಗೋಡೆಗೆ. ಅದನ್ನು ಆರಿಸುವವನು ಕಂಬಳಿ ಸರಿಸಿ ಬಗ್ಗಲೇಬೇಕು. ಅವನ ಕೈ, ಮುಖ ಎಲ್ಲ ಮಗುವಿನ ಮೂಗಿನ ಮುಂದೆಯೇ ಬರುತ್ತದೆ. ಅವಳು ನಿನ್ನನ್ನು ನೋಡಿದಳು. ಸಿಟ್ಟಿನ ಭರದಲ್ಲಿ ನೀನು ಅವಳನ್ನು ನೋಡಲಿಲ್ಲ.

ನಾನು ಸಹಿ ಹಾಕುವುದಿಲ್ಲ. ಮಾರನೆಯ ದಿನವೇ ಲಾಯರ್ರ ಆಫೀಸಿಗೆ ಹೋಗಿ ಈ ಸ್ವಿಚ್ಚಿನ ಅಭ್ಯಾಸ ಹೇಳಿಬಂದೆ. ಅವರ ಮುಖ ಹುಳ್ಳಗಾಯಿತು. "ಇದನ್ನ ಬೇರೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ" ಎಂದರು. ಕೇಳಿದವರಿಗೆಲ್ಲ ಹೇಳುತ್ತೇನೆ, ಕೋರ್ಟಿಗೆ ಕರೆದರೂ ಬರುತ್ತೇನೆ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನೀನು ನನಗೆ ಇವತ್ತಿಗೂ ಮುದ್ದೇ. ನೀನು ಬೇಗ ಮನೆಗೆ ಬರಬೇಕು ಅಂತ ಈ ಜೀವ ಕಾಯುತ್ತಿದೆ. ಆದರೆ ಆ ಮಗುವಿನ ತಲೆ ಮೇಲೆ ಕಾಲಿಟ್ಟು ಬರುವುದು ಬೇಡ. ಲಂಬು ಬೇರೆ ಅಂಗಡಿ ಹಾಕುತ್ತೇನೆ ಅಂದದ್ದಕ್ಕೆ ಅಷ್ಟು ಸಿಟ್ಟೇನೋ ನಿನಗೆ? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಕಣೋ.

ಬೈದೆ ಅಂತ ಊಟ ಬಿಡಬೇಡ. ದೇವರು ನಿನಗೆ ಆರೋಗ್ಯ ಕೊಡಲಿ, ಧೈರ್ಯ ಕೊಡಲಿ. ಧೈರ್ಯ ಒಂದು ಹಿಡಿ ಹೆಚ್ಚೇ ಕೊಡಲಿ.

ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಮೊನ್ನೆ ಭಾನುವಾರ ಚೂಟಿ ಸೆರಗು ಹಿಡಿದು ಕೇಳಿದಳು, "ಅಜ್ಜಿ, ನಾನು ನಿಜ್ವಾಗ್ಲೂ ನೋಡಿದ್ನಾ, ಇಲ್ಲಾ ಅದು ಕನಸಾ? ಎಲ್ರೂ ಕನಸು ಅಂತಾರೆ." ನೋಡಿದೆ ಕಂದಾ, ನೀನು ಹೇಳಿದ್ದೆಲ್ಲ ನಿಜ ಎಂದೆ. ನನ್ನ ಮುಖವನ್ನೇ ದಿಟ್ಟಿಸಿ, "ನೀನು ಅಲ್ಲಿರ್ಲಿಲ್ವಲ್ಲ ಅಜ್ಜಿ" ಎಂದಳು. ಹೌದಲ್ಲ. ಅಲ್ಲಿದ್ದವರು ಮೂವರು. ಲಂಬುಗೆ ನೆನಪಿಲ್ಲ. ಮಗುವಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗುತ್ತಿದೆ. ಇನ್ನು ಉಳಿದವನು ನೀನು. ಇದರ ಜೊತೆ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ, ಚೂಟಿಯ ವಿಳಾಸ ನಾನೇ ಬರೆದಿದ್ದೇನೆ. ಅದು ಕನಸಲ್ಲ ಅಂತ ಅವಳಿಗೆ ಒಂದೇ ಸಾಲು ಬರಿ. ಅಪೀಲು ಏನಾದರೂ ಆಗಲಿ. ಓದುತ್ತಿರುವ ಸಾಹೇಬರೇ, ಕಾರ್ಡು ತೆಗೆದಿಟ್ಟುಕೊಳ್ಳಬೇಡಿ. ದಯವಿಟ್ಟು ನನ್ನ ಮಗನಿಗೆ ಒಂದು ಪೆನ್ನು ಕೊಡಿ.